ಲಿಂಗಸುಗೂರಿಗೆ ಈ ಗುಳಿಗೆ ಬಂದ ದಾರಿ

ಇವತ್ತಿನ ಸಂಚಿಕೆಯಲ್ಲಿ ಒಂದು ಗುಳಿಗೆಯ ಇತಿಹಾಸ ಕೇಳೋಣ. ಎಚ್‌ಐವಿ ಇರೋರು ದಿನಕ್ಕೊಂದು ಸಲ ನುಂಗೋ ಗುಳಿಗೆ ಇದು. ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಇದಕ್ಕೆ ಒಂದು ರೂಪಾಯಿಯೂ ಕೊಡಬೇಕಾಗಿಲ್ಲ. ಆದರೆ ಜಗತ್ತಿನಲ್ಲಿ ಔಷಧಿ ಇದ್ದೂ, ನಮ್ಮ ಜನರ ಕೈಗೆ ಸಿಗದೇ ಹೋದ ಎಂಟು ವರ್ಷಗಳಿವೆ: 1996ರಿಂದ 2004. ಯಾಕೆ ಹಾಗಾಯ್ತು?

ಮೊದಲಿಂದ ನೋಡೋಣ. 1986ರಲ್ಲಿ ಚೆನ್ನೈನಲ್ಲಿ ಡಾ. ಸುನಿತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಭಾರತದ ಮೊದಲ ಎಚ್‌ಐವಿ ಪ್ರಕರಣಗಳನ್ನು ಪತ್ತೆ ಮಾಡಿದರು. ಮರುವರ್ಷ ಅಮೆರಿಕದಲ್ಲಿ ಮೊದಲ ಔಷಧಿ ಎಜೆಡ್‌ಟಿಗೆ ಒಪ್ಪಿಗೆ ಸಿಕ್ತು. ಖುಷಿ ಬಹಳ ದಿನ ಉಳಿಯಲಿಲ್ಲ. ಈ ವೈರಸ್ ತನ್ನ ನಕಲು ಮಾಡಿಕೊಳ್ಳುವಾಗ ಪದೇ ಪದೇ ರೂಪ ಬದಲಿಸುತ್ತದೆ. ಒಂದೇ ಔಷಧಿ ಕೊಟ್ಟರೆ ಅದನ್ನು ದಾಟುವ ದಾರಿ ಕಂಡುಕೊಳ್ಳುತ್ತದೆ. 1996ರಲ್ಲಿ ಉತ್ತರ ಸಿಕ್ಕಿತು: ಮೂರು ಔಷಧಿ ಒಟ್ಟಿಗೆ ಕೊಡುವುದು. ಮೂರನ್ನೂ ಒಮ್ಮೆಗೇ ದಾಟೋದು ವೈರಸ್‌ಗೆ ತುಂಬಾ ಕಷ್ಟ. ಶ್ರೀಮಂತ ದೇಶಗಳಲ್ಲಿ ಹಾಸಿಗೆ ಹಿಡಿದವರು ಎದ್ದು ಓಡಾಡತೊಡಗಿದರು.

ಆದರೆ ಬೆಲೆ? ಒಬ್ಬರಿಗೆ ವರ್ಷಕ್ಕೆ 10ರಿಂದ 15 ಸಾವಿರ ಡಾಲರ್. ನಮ್ಮ ಲೆಕ್ಕದಲ್ಲಿ ಲಕ್ಷಗಟ್ಟಲೆ ರೂಪಾಯಿ. ಹೊಲದಲ್ಲಿ ಕೂಲಿ ಮಾಡೋರು, ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗೋರು ಎಲ್ಲಿಂದ ತರಬೇಕು?

ಇಲ್ಲಿ ಒಂದು ಹಳೇ ಕಾನೂನು ಕೆಲಸಕ್ಕೆ ಬಂತು. ಭಾರತದ 1970ರ ಪೇಟೆಂಟ್ ಕಾಯ್ದೆ ಔಷಧಿ ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿತ್ತು, ಔಷಧಿಗೇ ಅಲ್ಲ. ಅದೇ ಔಷಧಿಯನ್ನು ಬೇರೆ ವಿಧಾನದಲ್ಲಿ ತಯಾರಿಸಿದರೆ ತಪ್ಪಲ್ಲ. ಹೀಗಾಗಿ 2001ರ ಫೆಬ್ರುವರಿಯಲ್ಲಿ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್, ಮೂರು ಔಷಧಿಗಳನ್ನು ವರ್ಷಕ್ಕೆ 350 ಡಾಲರ್‌ಗೆ ಕೊಡ್ತೀವಿ ಅಂತ ಮೆಡಿಸಿನ್ಸ್ ಸಾನ್ಸ್ ಫ್ರಾಂಟಿಯರ್ಸ್ ಸಂಸ್ಥೆಗೆ ಹೇಳಿದರು. ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆ! ಜಗತ್ತಿನ ಲೆಕ್ಕಾಚಾರವೇ ತಲೆಕೆಳಗಾಯ್ತು. ಆದರೂ ಆ ಔಷಧಿ ತಯಾರಾದ ದೇಶದಲ್ಲೇ ಬಡವರಿಗೆ ಅದು ಉಚಿತವಾಗಿ ಸಿಗೋಕೆ ಇನ್ನೂ ಮೂರು ವರ್ಷ ಬೇಕಾಯ್ತು.

2004ರ ಏಪ್ರಿಲ್ 1ರಂದು ದೇಶದ ಎಂಟು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ಶುರುವಾಯ್ತು. ಕರ್ನಾಟಕದ ಪಾಲಿಗೆ ಬಂದಿದ್ದು ಬೆಂಗಳೂರಿನ ಬೌರಿಂಗ್ ಆಸ್ಪತ್ರೆ. ಲಿಂಗಸುಗೂರಿನಿಂದ ಅದು 400 ಕಿಲೋಮೀಟರ್‌ಗೂ ದೂರ. ಗುಳಿಗೆ ಪುಕ್ಕಟೆ, ಆದರೆ ಬಸ್ ಚಾರ್ಜು, ಕಳಕೊಂಡ ಕೂಲಿ, ಮನೆಯಲ್ಲಿ ಹೇಳಬೇಕಾದ ಸುಳ್ಳು ಯಾವುದೂ ಪುಕ್ಕಟೆ ಅಲ್ಲ. ಮುಂದೆ ಜಿಲ್ಲೆಗಳಲ್ಲಿ ಎಆರ್‌ಟಿ ಕೇಂದ್ರಗಳು ಬಂದವು. ನಮಗೆ ರಾಯಚೂರು ಹತ್ತಿರವಾಯ್ತು. ಆಮೇಲೆ ಗುಳಿಗೆಯನ್ನು ತಾಲೂಕು ಮಟ್ಟದಲ್ಲೇ ಕೊಡೋಕೆ ಲಿಂಕ್ ಎಆರ್‌ಟಿ ಅನ್ನೋ ವ್ಯವಸ್ಥೆ ಬಂತು.

ನಿಯಮವೂ ಬದಲಾಯ್ತು. ಮೊದಲು ರಕ್ತದಲ್ಲಿ ಸಿಡಿ4 ಕಣಗಳು 200ಕ್ಕಿಂತ ಕೆಳಗೆ ಇಳಿಯೋವರೆಗೆ ಸಾಮಾನ್ಯವಾಗಿ ಔಷಧಿ ಶುರು ಮಾಡುತ್ತಿರಲಿಲ್ಲ. 2017ರಿಂದ ಎಚ್‌ಐವಿ ಇದೆ ಅಂತ ಗೊತ್ತಾದ ಎಲ್ಲರಿಗೂ ಚಿಕಿತ್ಸೆ. 2011ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ, ಬೇಗ ಔಷಧಿ ಶುರು ಮಾಡಿದರೆ ಸಂಗಾತಿಗೆ ಸೋಂಕು ಹರಡೋದು ಶೇ 96ರಷ್ಟು ಕಡಿಮೆಯಾಗುತ್ತೆ ಅಂತ ತೋರಿಸಿತ್ತು. ಪರೀಕ್ಷೆಯಲ್ಲಿ ಕಾಣದಷ್ಟು ವೈರಸ್ ಇಳಿದು, ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಅದು ಹರಡುವುದಿಲ್ಲ ಅಂತ ಮುಂದಿನ ಅಧ್ಯಯನಗಳು ಖಚಿತಪಡಿಸಿದವು. ಗುಳಿಗೆ ವೈರಸ್ಸನ್ನು ಪೂರ್ತಿ ಹೊರಹಾಕಲ್ಲ, ಅದನ್ನು ಅದುಮಿಡುತ್ತೆ. ಅದಕ್ಕೇ ಜೀವನಪೂರ್ತಿ, ತಪ್ಪದೆ ತಗೋಬೇಕು. ನಡುನಡುವೆ ಬಿಟ್ಟರೆ ವೈರಸ್ ಔಷಧಿಗೆ ಬಗ್ಗದಂತಾಗಬಹುದು.

ನಮ್ಮ ಭಾಗದಲ್ಲಿ ಗುಳಿಗೆ ತಪ್ಪೋಕೆ ಗುಳೆಯೂ ಒಂದು ಕಾರಣ ಆಗಬಹುದು. ಊರು ಬಿಡೋ ಮೊದಲು ನಿಮ್ಮ ಕೇಂದ್ರದಲ್ಲಿ ಹೇಳ್ರಿ. ಹೋದ ಊರಿನ ಎಆರ್‌ಟಿ ಕೇಂದ್ರದಲ್ಲೇ ಔಷಧಿ ಸಿಗೋ ಹಾಗೆ ವರ್ಗಾವಣೆ ಮಾಡಿಕೊಡ್ತಾರೆ.

ಇನ್ನೊಂದು ಕಾರಣ, ಜನ ಏನಂತಾರೋ ಅನ್ನೋ ಭಯ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಕಾಯ್ದೆ, ಎಚ್‌ಐವಿ ಇರೋರಿಗೆ ಕೆಲಸ, ಶಾಲೆ, ಚಿಕಿತ್ಸೆಯಲ್ಲಿ ಭೇದ ಮಾಡೋದನ್ನ ನಿಷೇಧಿಸಿದೆ. ಅವರ ಗುಟ್ಟನ್ನೂ ಕಾಪಾಡುತ್ತದೆ. ಬೆಲೆ ಇಳಿಯಿತು, ದೂರ ಕಡಿಮೆಯಾಯ್ತು. ಇನ್ನು ಪಕ್ಕದ ಮನೆಯವರ ಮಾತಿಗೆ ಹೆದರಿ ಯಾರೂ ಗುಳಿಗೆ ಬಿಡಬಾರದು. ಅದು ಸರ್ಕಾರದ ಕೈಯಲ್ಲಿಲ್ಲ, ನಮ್ಮ ನಾಲಿಗೆಯಲ್ಲಿದೆ.

ಮಾಹಿತಿ ಬೇಕಿದ್ದರೆ ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.