ಕೋಣೆಯ ಧ್ವನಿಗುಣ ಮತ್ತು ಶಬ್ದದ ಮಾನದಂಡಗಳು

ಕೋಣೆಯ ಧ್ವನಿಗುಣ ಎಂದರೆ ಮುಚ್ಚಿದ ಆವರಣವೊಂದರಲ್ಲಿ ಧ್ವನಿಯು ಹರಡುವ, ಪ್ರತಿಫಲಿಸುವ ಮತ್ತು ಹೀರಲ್ಪಡುವ ರೀತಿ. ಶಾಲೆ, ಕಚೇರಿ ಹಾಗೂ ಆಸ್ಪತ್ರೆಗಳಲ್ಲಿ ಇದನ್ನು ಮುಖ್ಯವಾಗಿ ಎರಡು ಅಳತೆಗಳಿಂದ ನಿರ್ಧರಿಸಲಾಗುತ್ತದೆ: ಅನುರಣನ ಕಾಲ ಮತ್ತು ಹಿನ್ನೆಲೆ ಶಬ್ದದ ಮಟ್ಟ. ಒಂದನ್ನು ಸರಿಪಡಿಸಿದ ಮಾತ್ರಕ್ಕೆ ಇನ್ನೊಂದು ತಾನಾಗಿ ಸರಿಹೋಗುವುದಿಲ್ಲ.

ಅನುರಣನ ಕಾಲ

ಧ್ವನಿಮೂಲವು ನಿಂತ ಮೇಲೆ ಕೋಣೆಯೊಳಗಿನ ಧ್ವನಿಮಟ್ಟ 60 ಡೆಸಿಬಲ್‌ನಷ್ಟು ಇಳಿಯಲು ಹಿಡಿಯುವ ಸಮಯವೇ ಅನುರಣನ ಕಾಲ. ಪ್ರತಿಧ್ವನಿಯಲ್ಲಿ ಮೂಲಧ್ವನಿ ಬೇರೆಯಾಗಿ ಮರುಕಳಿಸಿ ಕೇಳಿಸುತ್ತದೆ. ವಿಜಯಪುರದ ಗೋಲಗುಮ್ಮಟ ಇದಕ್ಕೆ ಪ್ರಸಿದ್ಧ ಉದಾಹರಣೆ. ಅನುರಣನದಲ್ಲಾದರೋ ಅಸಂಖ್ಯ ಪ್ರತಿಫಲನಗಳು ಒಂದರಲ್ಲೊಂದು ಬೆರೆತು, ಧ್ವನಿಯು ಕ್ರಮೇಣ ಕ್ಷೀಣಿಸುತ್ತದೆ. ಅನುರಣನ ದೀರ್ಘವಾದಷ್ಟೂ ಒಂದು ಅಕ್ಷರದ ಶೇಷಧ್ವನಿ ಮುಂದಿನ ಅಕ್ಷರವನ್ನು ಮುಸುಕುತ್ತದೆ. ಸ್ವರಗಳಿಗಿಂತ ದುರ್ಬಲವಾದ ವ್ಯಂಜನಗಳು ಮೊದಲು ಅಸ್ಪಷ್ಟವಾಗುತ್ತವೆ.

ಈ ವಿಷಯದ ವೈಜ್ಞಾನಿಕ ಅಧ್ಯಯನವನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ವಾಲೇಸ್ ಕ್ಲೆಮೆಂಟ್ ಸಬೀನ್ 1895ರಲ್ಲಿ ಆರಂಭಿಸಿದರು. ಅಲ್ಲಿನ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಸಭಾಂಗಣದಲ್ಲಿ ಮಾತು ಅರ್ಥವಾಗುತ್ತಿರಲಿಲ್ಲ. ಬರಿದಾದ ಸಭಾಂಗಣದ ಅನುರಣನ ಕಾಲ 5 ಸೆಕೆಂಡಿಗೂ ಹೆಚ್ಚಿತ್ತು. ಸಬೀನ್ ಆಸನದ ದಿಂಬುಗಳನ್ನು ತಂದಿರಿಸುತ್ತಾ, ಆರ್ಗನ್ ಕೊಳವೆಯ ನಾದ ಅಡಗುವ ಸಮಯವನ್ನು ಅಳೆದು ಈ ಸೂತ್ರವನ್ನು ಕಂಡುಕೊಂಡರು:

ಅನುರಣನ ಕಾಲ (ಸೆಕೆಂಡು) = 0.161 × ಕೋಣೆಯ ಗಾತ್ರ (ಘನ ಮೀಟರ್) ÷ ಒಟ್ಟು ಹೀರಿಕೆ (ಚದರ ಮೀಟರ್)

ಪ್ರತಿ ಮೇಲ್ಮೈಯ ವಿಸ್ತೀರ್ಣವನ್ನು ಅದರ ಹೀರಿಕೆ ಗುಣಾಂಕದಿಂದ ಗುಣಿಸಿ ಕೂಡಿದರೆ ಒಟ್ಟು ಹೀರಿಕೆ ದೊರೆಯುತ್ತದೆ. ತೆರೆದ ಕಿಟಕಿಯಿಂದ ಧ್ವನಿ ಮರಳುವುದಿಲ್ಲವಾದ್ದರಿಂದ ಅದರ ಗುಣಾಂಕ 1.

ಉದಾಹರಣೆಗೆ, 8 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರದ ತರಗತಿಯ ಗಾತ್ರ 144 ಘನ ಮೀಟರ್, ಒಳಮೇಲ್ಮೈ 180 ಚದರ ಮೀಟರ್. ಗಾರೆ ಹಾಗೂ ಕಾಂಕ್ರೀಟಿನ ಬರಿದಾದ ಕೋಣೆಗೆ ಸರಾಸರಿ ಗುಣಾಂಕ 0.03 ಎಂದಿಟ್ಟುಕೊಂಡರೆ ಅನುರಣನ ಕಾಲ ಸುಮಾರು 4.3 ಸೆಕೆಂಡು. ಚಾವಣಿಗೆ ಮಾತ್ರ 0.7 ಗುಣಾಂಕದ ಹೀರುಫಲಕಗಳನ್ನು ಅಳವಡಿಸಿದರೆ ಅದು ಸುಮಾರು 0.6 ಸೆಕೆಂಡಿಗೆ ಇಳಿಯುತ್ತದೆ.

ಹಿನ್ನೆಲೆ ಶಬ್ದ

ವಾಹನ, ಫ್ಯಾನು, ಪಕ್ಕದ ಕೊಠಡಿ ಮುಂತಾದವುಗಳಿಂದ ಸತತವಾಗಿ ಬರುವ ಸದ್ದು ಹಿನ್ನೆಲೆ ಶಬ್ದ. ಕಿವಿಯ ಸಂವೇದನೆಗೆ ಹೊಂದಿಸಿದ 'ಎ' ಮಾಪಕದ ಡೆಸಿಬಲ್‌ಗಳಲ್ಲಿ ಇದನ್ನು ಅಳೆಯುತ್ತಾರೆ. ಭಾಷೆಯನ್ನು ಇನ್ನೂ ಕಲಿಯುತ್ತಿರುವ ಮಕ್ಕಳು ಕೇಳಿಸದ ಪದವನ್ನು ಸಂದರ್ಭದಿಂದ ಊಹಿಸಿಕೊಳ್ಳಲು ವಯಸ್ಕರಷ್ಟು ಶಕ್ತರಲ್ಲ. ಆದುದರಿಂದ ತರಗತಿಯಲ್ಲಿ ಶಿಕ್ಷಕರ ಧ್ವನಿ ಹಿನ್ನೆಲೆಗಿಂತ ಕನಿಷ್ಠ 15 ಡೆಸಿಬಲ್ ಹೆಚ್ಚಿರಬೇಕೆಂದು ಶಿಫಾರಸು ಮಾಡಲಾಗುತ್ತದೆ.

ಆರ್ಲಿನ್ ಬ್ರಾನ್ಜಾಫ್ಟ್ ಮತ್ತು ಡೆನಿಸ್ ಮೆಕಾರ್ಥಿ 1975ರಲ್ಲಿ ನ್ಯೂಯಾರ್ಕ್ ನಗರದ ಶಾಲೆಯೊಂದನ್ನು ಅಧ್ಯಯನ ಮಾಡಿದರು. ಎತ್ತರಿಸಿದ ರೈಲುಮಾರ್ಗದ ಬದಿಯ ಕೊಠಡಿಗಳಲ್ಲಿ ಕಲಿತ ಮಕ್ಕಳು, ಅದೇ ಶಾಲೆಯ ನಿಶ್ಶಬ್ದ ಬದಿಯ ಮಕ್ಕಳಿಗಿಂತ ಓದುವ ಸಾಮರ್ಥ್ಯದಲ್ಲಿ ಹಿಂದುಳಿದಿದ್ದರು. ಆರನೆಯ ತರಗತಿಯ ವೇಳೆಗೆ ಈ ಅಂತರ ಸುಮಾರು ಒಂದು ವರ್ಷದಷ್ಟಿತ್ತು. ಹಳಿಗಳಿಗೆ ರಬ್ಬರ್ ಮೆತ್ತೆಯನ್ನೂ ಕೊಠಡಿಗಳಿಗೆ ಹೀರುಚಾವಣಿಯನ್ನೂ ಅಳವಡಿಸಿದ ನಂತರ ನಡೆದ, 1981ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ಅಂತರ ಕಾಣಲಿಲ್ಲ.

ಮಾನದಂಡಗಳು

ಶಾಲೆ: ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿಯಂತೆ ಪಾಠದ ವೇಳೆ ತರಗತಿಯ ಹಿನ್ನೆಲೆ ಶಬ್ದ 35 ಡೆಸಿಬಲ್ ಮೀರಬಾರದು; ಅನುರಣನ ಕಾಲ ಸುಮಾರು 0.6 ಸೆಕೆಂಡು ಇರಬೇಕು. ಅಮೆರಿಕದ ಎಎನ್‌ಎಸ್‌ಐ ಎಸ್12.60 ಮಾನದಂಡವೂ ಸಣ್ಣ ತರಗತಿಗಳಿಗೆ ಇವೇ ಮಿತಿಗಳನ್ನು ಹೇಳುತ್ತದೆ.

ಆಸ್ಪತ್ರೆ: ಅದೇ ಮಾರ್ಗಸೂಚಿಯು ವಾರ್ಡುಗಳಿಗೆ ಸರಾಸರಿ 30 ಡೆಸಿಬಲ್, ರಾತ್ರಿಯ ಗರಿಷ್ಠ ಕ್ಷಣಿಕ ಸದ್ದಿಗೆ 40 ಡೆಸಿಬಲ್ ಮಿತಿಯನ್ನು ಸೂಚಿಸುತ್ತದೆ. ಫ್ಲಾರೆನ್ಸ್ ನೈಟಿಂಗೇಲ್ ಶುಶ್ರೂಷೆಯನ್ನು ಕುರಿತ ತಮ್ಮ 1859ರ ಕೃತಿಯಲ್ಲಿಯೇ ಶಬ್ದಕ್ಕೆ ಪ್ರತ್ಯೇಕ ಅಧ್ಯಾಯವನ್ನು ಮೀಸಲಿಟ್ಟಿದ್ದರು.

ಕಚೇರಿ: ತೆರೆದ ವಿನ್ಯಾಸದ ಕಚೇರಿಯ ಅಗತ್ಯವು ತರಗತಿಯದಕ್ಕೆ ವಿರುದ್ಧವಾದುದು. ಅಲ್ಲಿ ದೂರದವರ ಮಾತು ಸ್ಪಷ್ಟವಾಗಿ ಕೇಳಿಸಿದಷ್ಟೂ ಏಕಾಗ್ರತೆ ಕೆಡುತ್ತದೆ. ಐಎಸ್‌ಒ 3382-3 ಮಾನದಂಡವು ಮಾತಿನ ಸ್ಪಷ್ಟತೆಯು ಎಷ್ಟು ದೂರದಲ್ಲಿ ನಿಗದಿತ ಮಟ್ಟಕ್ಕಿಂತ ಕೆಳಗಿಳಿಯುತ್ತದೆ ಎಂಬುದನ್ನು ಅಳೆಯುತ್ತದೆ.

ಭಾರತದಲ್ಲಿ

ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರ ಅನ್ವಯ ಆಸ್ಪತ್ರೆ, ಶಿಕ್ಷಣ ಸಂಸ್ಥೆ ಮತ್ತು ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಅಲ್ಲಿನ ಮಿತಿ ಹಗಲು 50, ರಾತ್ರಿ 40 ಡೆಸಿಬಲ್. ಇವು ಹೊರಾಂಗಣದ ಮಿತಿಗಳು. ಕಟ್ಟಡದೊಳಗಿನ ಧ್ವನಿಗುಣಕ್ಕೆ ರಾಷ್ಟ್ರೀಯ ಕಟ್ಟಡ ಸಂಹಿತೆ 2016ರಲ್ಲಿ ಪ್ರತ್ಯೇಕ ವಿಭಾಗವಿದೆ.

ಭಾಗಶಃ ತೆರೆದ ಕಿಟಕಿಯು ಹೊರಗಿನ ಶಬ್ದವನ್ನು ಸುಮಾರು 15 ಡೆಸಿಬಲ್ ತಗ್ಗಿಸುತ್ತದೆ ಎಂದು ಎಣಿಸಿದರೆ, ಹೊರಗೆ 50 ಡೆಸಿಬಲ್ ಇದ್ದಾಗ ಮಾತ್ರ ಒಳಗೆ 35 ಡೆಸಿಬಲ್ ಸಾಧ್ಯ. ಗಾಳಿಗಾಗಿ ಕಿಟಕಿ ತೆರೆಯುವ ಶಾಲೆಗಳಲ್ಲಿ ಅನುರಣನ ಕಡಿಮೆಯಾದರೂ ರಸ್ತೆಯ ಸದ್ದು ಒಳಬರುತ್ತದೆ. ಆದುದರಿಂದ ಇಂತಹ ಕಟ್ಟಡಗಳಲ್ಲಿ ನಿವೇಶನದ ಆಯ್ಕೆಯೇ ಮೊದಲ ಶಬ್ದ ನಿಯಂತ್ರಣ ಕ್ರಮವಾಗುತ್ತದೆ.

ನಿಯಂತ್ರಣ ವಿಧಾನಗಳು

ತರಗತಿ ಮತ್ತು ವಾರ್ಡುಗಳನ್ನು ರಸ್ತೆಯಿಂದ ದೂರದ ಬದಿಯಲ್ಲಿಟ್ಟು, ಉಗ್ರಾಣ, ಮೆಟ್ಟಿಲು ಮುಂತಾದವನ್ನು ರಸ್ತೆಯ ಬದಿಗೆ ಇಡುವುದು ಅಗ್ಗದ ಉಪಾಯ. ಭಾರವಾದ ಗೋಡೆ ಮತ್ತು ಬಿರುಕಿಲ್ಲದ ಬಾಗಿಲು ಶಬ್ದವನ್ನು ತಡೆಯುತ್ತವೆ; ಮೃದುವಾದ ಸರಂಧ್ರ ವಸ್ತುಗಳು ಅನುರಣನವನ್ನು ತಗ್ಗಿಸುತ್ತವೆ. ಗೋಡೆಗೆ ತೆಳುವಾದ ಫೋಮ್ ಅಂಟಿಸಿದರೆ ಪಕ್ಕದ ಕೊಠಡಿಯ ಸದ್ದು ನಿಲ್ಲುವುದಿಲ್ಲ. ಆಸ್ಪತ್ರೆಗಳಲ್ಲಿ ಸೋಂಕು ತಡೆಗಾಗಿ ತೊಳೆಯಬಹುದಾದ ಹೊದಿಕೆಯುಳ್ಳ ಫಲಕಗಳನ್ನೇ ಬಳಸಬೇಕಾಗುತ್ತದೆ.