ಸಂಶ್ಲೇಷಿತ ಧ್ವನಿ ಮತ್ತು ವಿರಾಮದ ಗುರುತುಗಳು

ಲಿಪಿಯು ಪದಗಳನ್ನು ಉಳಿಸುತ್ತದೆ. ಹೇಳಿಕೆಯ ವಿರಾಮ, ಏರಿಳಿತಗಳನ್ನು ಕೈಬಿಡುತ್ತದೆ. ಈ ಕೊರತೆಯನ್ನು ನೀಗಲು ಡೆನ್ನಿಸ್ ಟೆಡ್‌ಲಾಕ್ 1972ರಲ್ಲಿ, ಅಮೆರಿಕದ ಝೂನಿ ಕಥನಗಳ ಇಂಗ್ಲಿಷ್ ಅನುವಾದದಲ್ಲಿ ಮೌನವನ್ನು ಸಾಲು ಮುರಿದು, ಗಟ್ಟಿದನಿಯನ್ನು ದೊಡ್ಡಕ್ಷರಗಳಲ್ಲಿ ಸೂಚಿಸಿದರು.

ಕಂಪ್ಯೂಟರಿನ ಸಂಶ್ಲೇಷಿತ ಧ್ವನಿಗೂ ಇಂಥವೇ ಗುರುತುಗಳು ಬೇಕಾದವು. ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ 2004ರಲ್ಲಿ ಅಂಗೀಕರಿಸಿದ ಎಸ್‌ಎಸ್‌ಎಂಎಲ್ ಎಂಬ ಗುರುತುಭಾಷೆಯಲ್ಲಿ ವಿರಾಮ, ಒತ್ತು, ವೇಗ, ಸ್ವರದ ಏರಿಳಿತಗಳಿಗೆ ಟ್ಯಾಗ್‌ಗಳಿವೆ. ಮೌನದ ಅವಧಿಯನ್ನು ಮಿಲಿಸೆಕೆಂಡುಗಳಲ್ಲಿ ನಮೂದಿಸಬಹುದು. ಇತರ ಭಾಷೆಗಳ ಅಗತ್ಯಗಳನ್ನು ಕುರಿತು ಬೀಜಿಂಗ್, ಕ್ರೀಟ್, ಹೈದರಾಬಾದ್‌ಗಳಲ್ಲಿ ಕಾರ್ಯಾಗಾರಗಳು ನಡೆದು, 2010ರಲ್ಲಿ ಪರಿಷ್ಕೃತ ಆವೃತ್ತಿ ಬಂದಿತು. ಮುಂದೆ ಅಮೆಜಾನ್‌ನ ಧ್ವನಿಸಹಾಯಕಿ ಅಲೆಕ್ಸಾದಲ್ಲಿ ಪಿಸುಮಾತಿಗೂ ಟ್ಯಾಗ್ ಸೇರಿತು.

ನಮ್ಮ ಕಥೆಗಾರ್ತಿಯಾದರೋ ಕೇಳುಗರು ಹೂಂಗುಟ್ಟುವವರೆಗೆ ನಿಲ್ಲುತ್ತಾಳೆ. ಆ ವಿರಾಮದ ಅಳತೆ ಕೇಳುಗರಲ್ಲಿರುತ್ತದೆ. ಟ್ಯಾಗಿನ ವಿರಾಮ ಕೇಳುಗರಿಗಿಂತ ಮೊದಲೇ ನಿಗದಿಯಾಗಿರುತ್ತದೆ. ಯಂತ್ರಧ್ವನಿಯ ಸಹಜತೆಯನ್ನು ಚರ್ಚಿಸುವಾಗ ಈ ವ್ಯತ್ಯಾಸವನ್ನು ಗಮನಿಸಬೇಕಾಗುತ್ತದೆ.