ಶಿರಾದ ಉದ್ಯಾನವೂ ವಿದ್ಯಾಲಯದ ವನವೂ

ಮಳೆ ಅಪರೂಪವಾದ ಬಯಲುಸೀಮೆಯಲ್ಲಿ, 1687ರಿಂದ ಮೊಗಲರ ಸುಭೆಯೊಂದರ ರಾಜಧಾನಿಯಾಗಿ ಮೆರೆದ ತುಮಕೂರು ಜಿಲ್ಲೆಯ ಶಿರಾ ಪಟ್ಟಣದಲ್ಲಿ, ಖಾನ್ ಬಾಗ್ ಎಂಬ ಉದ್ಯಾನವಿದ್ದಿತು. ಬೆಂಗಳೂರಿನ ಲಾಲ್‌ಬಾಗನ್ನು ನಿರ್ಮಿಸಲು ಹೈದರಾಲಿಗೆ ಇದೇ ಪ್ರೇರಣೆಯಾಗಿರಬೇಕೆಂದು ಇತಿಹಾಸಜ್ಞರು ಊಹಿಸಿರುವರು. ನೀರಿನ ಬೆಲೆಯನ್ನು ಬಲ್ಲ ನಾಡೇ ಉದ್ಯಾನದ ಬೆಲೆಯನ್ನೂ ಬಲ್ಲದೆಂಬುದಕ್ಕೆ ಇದು ನಿದರ್ಶನವೆಂದು ನನಗೆ ತೋರುವುದು.

ಆ ಉದ್ಯಾನಗಳು ಪ್ರಭುಗಳ ವಿಹಾರಕ್ಕಾಗಿ ಇದ್ದವು. ವಿದ್ಯೆಯ ಆವರಣವೇ ವನವಾಗಬೇಕೆಂಬ ಪ್ರಯತ್ನಕ್ಕೆ ಉಜ್ವಲ ಉದಾಹರಣೆ, ಜನರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ, 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಮೈಸೂರು ಸಂಸ್ಥಾನವು ದಾನವಿತ್ತ ಸುಮಾರು 371 ಎಕರೆ ಭೂಮಿಯಲ್ಲಿ ಅದು ಬೆಳೆಯಿತು. ಇಪ್ಪತ್ತನೆಯ ಶತಮಾನದ ಎಂಟನೆಯ ದಶಕ ಕಳೆದ ಮೇಲೆ, ಪರಿಸರತಜ್ಞ ಮಾಧವ ಗಾಡ್ಗೀಳರು ಕಟ್ಟಿದ ಪರಿಸರ ವಿಜ್ಞಾನ ಕೇಂದ್ರದ ಕಾಲದಲ್ಲಿ, ಪಶ್ಚಿಮಘಟ್ಟದ ಸಸಿಗಳನ್ನು ತಂದು ಅಲ್ಲಿ ಕಿರುವನವೊಂದನ್ನು ಬೆಳೆಸಲಾಯಿತು. ತರಗೆಲೆಗಳನ್ನು ಗುಡಿಸಿ ಸುಡದೆ ನೆಲದಲ್ಲಿಯೇ ಬಿಟ್ಟರೆ ಅವು ಕೊಳೆತು ಗೊಬ್ಬರವಾಗುತ್ತವೆ. ಮೃದುವಾದ ಮಣ್ಣು ಮಳೆನೀರನ್ನು ಹರಿಯಗೊಡದೆ ಹೀರಿಕೊಳ್ಳುತ್ತದೆ. ಹೀಗೆಯೇ ವನಗಳು ಅಂತರ್ಜಲವನ್ನು ಪೋಷಿಸುವುವು.

2004ರಲ್ಲಿ ಉದಯಿಸಿದ ತುಮಕೂರು ವಿಶ್ವವಿದ್ಯಾನಿಲಯಕ್ಕೂ, ಶಿರಾದ ಕಾಲೇಜುಗಳಿಗೂ ಈ ಪಾಠವು ಸಲ್ಲುವುದಾದರೂ, ಘಟ್ಟದ ಗಿಡಗಳು ಇಲ್ಲಿನ ಒಣನೆಲಕ್ಕೆ ಒಗ್ಗವು. ಬೇವು, ಹೊಂಗೆ, ಹುಣಸೆ, ಕಮರಗಳನ್ನೇ ನೆಟ್ಟು, ಛಾವಣಿಯ ನೀರನ್ನು ಇಂಗುಗುಂಡಿಗೆ ತಿರುಗಿಸುವುದು ಯುಕ್ತ.